ಇಲ್ಲದ ಕೊನೆಯನ್ನು ಹೇಳಿದ್ದಕ್ಕೆ ನಲವತ್ತು ದಿನ

ಇಂದ:
ವಿಲ್ಮಾರ್ ತೆಚೇರಾ,
ಸದಸ್ಯ ಸಂಖ್ಯೆ 88 (ಸದ್ಯಕ್ಕೆ ಅಮಾನತು),
ಟವೆಲ್ ಕೊಡುವ ಕಿಟಕಿ, ಬಿಸಿನೀರ ಬುಗ್ಗೆಯ ಸ್ನಾನಗೃಹ,
ಸಾಲ್ತೋ, ಉರುಗ್ವೆ.

ಗೆ:
ಶ್ರೀಮತಿ ನೆಲಿಡಾ ಉಂಪಿಯೆರೆಸ್ ಅವರಿಗೆ,
ನಿರ್ವಾಹಕಿ, 'ಮಡಚಿದ ಪುಟ' ಓದುಗರ ಅಂತರ್ಜಾಲ ಕಟ್ಟೆ,
ದುರಾಸ್ನೋ.

ದಿನಾಂಕ: ಮೇ 9, ಶನಿವಾರ

ವಿಷಯ: ಮಾಡದ ತಪ್ಪಿಗೆ ವಿಧಿಸಿದ ನಲವತ್ತು ದಿನಗಳ ಅಮಾನತನ್ನು ರದ್ದುಪಡಿಸಿ, ಮಾಡಿದ ತಪ್ಪಿಗೆ ಬೇರೆ ಶಿಕ್ಷೆ ವಿಧಿಸುವ ಕುರಿತು.

ಉಲ್ಲೇಖ:
1. ಕಟ್ಟೆಯ ನಿಯಮ 4: "ಕಾದಂಬರಿಯ ಕೊನೆಯನ್ನು ಓದದವರಿಗೆ ಹೇಳಿದವರು ನಲವತ್ತು ದಿನ ಕಟ್ಟೆ ಹತ್ತುವಂತಿಲ್ಲ."
2. ನಿಯಮ 2: "ಸುತ್ತುವ ಪ್ರತಿಯ ಒಂದು ಮೊಳದೊಳಗೆ ಮಾಟೆ ಎಲೆಯ ಚಹಾ ಕುಡಿಯುವಂತಿಲ್ಲ."
3. ತಮ್ಮ ಏಪ್ರಿಲ್ 20ರ ಆದೇಶ, ವಿಶೇಷವಾಗಿ ಅದರಲ್ಲಿ ನನ್ನನ್ನು "ನಂಬಿಕೆದ್ರೋಹಿ" ಎಂದಿರುವ ಎರಡನೇ ಸಾಲು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ತಾವು ಕೋಪದಲ್ಲಿದ್ದೀರೆಂದು ಬಲ್ಲೆ. ಆದಕಾರಣ ಒಂದು ಮಾಟೆ ಹೀರಿ, ಆಮೇಲೆ ಓದಬೇಕಾಗಿ ಕೋರಿಕೆ.

1. ಅಚ್ಚಿನಲ್ಲಿ ಇಲ್ಲದ ಕಾದಂಬರಿಯೊಂದರ ಒಂದೇ ಒಂದು ಪ್ರತಿಯನ್ನು ಸದಸ್ಯರು ಊರಿಂದೂರಿಗೆ ಬಸ್ ಪಾರ್ಸೆಲಿನಲ್ಲಿ ಕಳಿಸಿಕೊಂಡು ಓದುವುದು ನಮ್ಮ ಕಟ್ಟೆಯ ಪದ್ಧತಿ. ಒಬ್ಬೊಬ್ಬರಿಗೂ ನಾಲ್ಕು ದಿನ. ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಅನಿಸಿದ್ದು ಬರೆದು, ಕಟ್ಟು ಕಟ್ಟಿ, ಮುಂದಿನವರ ಊರಿನ ಬಸ್ಸಿಗೆ ಕೊಡಬೇಕು. ಈ ಸಲದ ಪುಸ್ತಕ 'ದೋಣಿಗಟ್ಟೆಯ ಛತ್ರಿ' ಎಂಬ ಪತ್ತೇದಾರಿ ಕಾದಂಬರಿ. ಸದರಿ ಪ್ರತಿಯು ಏಪ್ರಿಲ್ 10ರಂದು ನನ್ನ ಕೈ ಸೇರಿತು.

2. ಏಪ್ರಿಲ್ 12ರ ಭಾನುವಾರ ಮಧ್ಯಾಹ್ನ ಕಥೆ ಕೊನೆಯ ಅಧ್ಯಾಯಕ್ಕೆ ಬಂದಿತ್ತು. ಎಡಕಂಕುಳಲ್ಲಿ ಥರ್ಮಾಸ್ ಇತ್ತು, ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಮಾಟೆ ಎಲೆಗೆ ಬಿಸಿನೀರು ಹುಯ್ದ ಸೋರೆಬುರುಡೆ. ಪುಟ ತಿರುಗಿಸಲು ಮೂರನೆಯ ಕೈ ಬೇಕಿತ್ತು. ಮೂರನೆಯ ಕೈ ಇಲ್ಲದ ಕಾರಣ ಬುರುಡೆಯನ್ನು ಕ್ಷಣಕಾಲ ತೆರೆದ ಪುಸ್ತಕದ ಮೇಲೆ ಇಟ್ಟೆ. ಈ ದೇಶದಲ್ಲಿ ಇಂಥ ತಪ್ಪು ಮಾಡದವರು ಯಾರಾದರೂ ಇದ್ದರೆ ಅವರು ಓದುವವರಲ್ಲ, ಇಲ್ಲವೇ ಮಾಟೆ ಕುಡಿಯುವವರಲ್ಲ. ಬುರುಡೆ ಮಗುಚಿತು. ಕೊನೆಯ ಹನ್ನೆರಡು ಪುಟಗಳು ಹಸಿರಾದವು. ಗಾಬರಿಯಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದೆ. ಆದ್ದರಿಂದ ಹನ್ನೆರಡೂ ಸೇರಿ ಒಂದೇ ಪುಟವಾಯಿತು.

3. ಮಾರನೆಯ ದಿನ, ಅಂದರೆ ಏಪ್ರಿಲ್ 13ರಂದು, ಸರದಿಯಲ್ಲಿ ನನ್ನ ನಂತರದವರಾದ ರೋಚಾ ಊರಿನ ದೋನ್ಯಾ ಇಸೋಲಿನಾ ಬರ್ರೇತೋ (78 ವರ್ಷ, ನಿವೃತ್ತ ತಂತಿ ಕಚೇರಿ ನೌಕರರು; ಹಿರಿಯರೆಂದು ಗೌರವಕ್ಕೆ ಎಲ್ಲರೂ 'ದೋನ್ಯಾ' ಎನ್ನುತ್ತೇವೆ) ಕಟ್ಟೆಯ ಮೇಲೆ ಹೀಗೆ ಬರೆದರು: "ನನ್ನ ಸೊಂಟದ ಆಪರೇಷನ್ ಮುಂದಿನ ವಾರ ಅಂದಿದ್ರು, ಈಗ ನಾಳೇನೇ ಅಂತಿದಾರೆ. ಪುಸ್ತಕ ಬರೋಹೊತ್ತಿಗೆ ನಾನಿರ್ತೀನೋ ಇಲ್ವೋ. ಕೊಂದೋರು ಯಾರು ಅಂತ ಗೊತ್ತಾಗ್ದೆ ನಾನು ಆ ಮೇಜಿನ ಮೇಲೆ ಮಲಗೋದಿಲ್ಲ."

4. ಪುಸ್ತಕ ನನ್ನ ಬಳಿ ಇತ್ತು. ಆರು ವರ್ಷದ ಸದಸ್ಯತ್ವದಲ್ಲಿ ನಾನು ಕಟ್ಟೆಯ ಯಾರೊಬ್ಬರ ದನಿಯನ್ನೂ ಕೇಳಿದವನಲ್ಲ. ಆದರೂ ಕೂಡಲೇ ದೋನ್ಯಾ ಅವರಿಗೆ ಫೋನ್ ಮಾಡಿದೆ. "ಹೇಳು ಮಗಾ, ಯಾರು?" ಎಂದರು. ಆ ಪುಟಗಳನ್ನು ಹಾಳು ಮಾಡಿದ್ದೇನೆಂದು ನಾಳೆ ಆಪರೇಷನ್ ಇರುವವರಿಗೆ ಹೇಗೆ ಹೇಳುವುದು? ಹೇಳಲಾಗಲಿಲ್ಲ. ಆದಕಾರಣ ಕೊನೆಯನ್ನು ನಾನೇ ಕಟ್ಟಿ ಹೇಳಿದೆ.

5. 31ನೇ ಪುಟದ ಅಂಚಿನಲ್ಲಿ ತಾವೇ ತಮ್ಮ ಕೈಯಾರೆ "ಈ ಔಷಧಿ ಅಂಗಡಿಯವನ ಮೇಲೆ ನನಗೆ ಅನುಮಾನ" ಎಂದು ಬರೆದು, ಬಿಡುವಾಗದೆ ಅಲ್ಲಿಗೇ ಓದು ನಿಲ್ಲಿಸಿ ಪ್ರತಿಯನ್ನು ಮುಂದೆ ಕಳಿಸಿದ್ದನ್ನು ನೆನಪಿಸಬಯಸುತ್ತೇನೆ. ತಮ್ಮ ಅನುಮಾನವನ್ನೇ ಆಧಾರವಾಗಿಟ್ಟುಕೊಂಡು ಔಷಧಿ ಅಂಗಡಿಯವನನ್ನು ಕೊಲೆಗಾರನನ್ನಾಗಿ ಮಾಡಲಾಯಿತು. ಅವನಿಗೆ ಒಂದು ಹಳೆಯ ಪ್ರೇಮ, ಒಬ್ಬ ಅವಳಿ ತಮ್ಮ, ಪ್ರವಾಹದಲ್ಲಿ ಕೊಚ್ಚಿಹೋದ ಒಂದು ಉಯಿಲು, ಇಷ್ಟನ್ನೂ ಒದಗಿಸಲಾಯಿತು. ಒಟ್ಟು ಮೂವತ್ತೈದು ನಿಮಿಷ ಹಿಡಿಯಿತು. ದೋನ್ಯಾ ಇಸೋಲಿನಾ ಎರಡು ಬಾರಿ ನಕ್ಕರು, ಒಮ್ಮೆ ಮೂಗು ಸೀಟಿಕೊಂಡರು.

6. ಏಪ್ರಿಲ್ 14ರ ಬೆಳಿಗ್ಗೆ ಅರಿವಳಿಕೆ ಮದ್ದು ಏರುತ್ತಿದ್ದಂತೆ ಅವರು ಗಟ್ಟಿಯಾಗಿ, "ಆ ಔಷಧಿ ಅಂಗಡಿಯವನನ್ನ ಬಿಡಬೇಡಿ! ಛತ್ರಿ ಅವನದೇ!" ಎಂದು ಕೂಗಿದರು. ಆಸ್ಪತ್ರೆಯ ಔಷಧ ವಿಭಾಗದವರು ಆ ದಿನ ಕೊಂಚ ಗಾಬರಿಯಾದರೆಂದೂ ತಿಳಿದುಬಂದಿದೆ. ದುರದೃಷ್ಟವಶಾತ್ ಅಲ್ಲಿ ಸೂಜಿ ಹಿಡಿದು ನಿಂತಿದ್ದ ದಾದಿ ಮಿರ್ತಾ ಸಿಲ್ವೇರಾ ಅವರೂ ನಮ್ಮ ಕಟ್ಟೆಯವರೇ, ಅದೇ ಪುಸ್ತಕದ ಸರದಿಯಲ್ಲಿದ್ದವರೇ. ಅವರ ದೂರಿನ ಸಾಲುಗಳು ತಮ್ಮ ಆದೇಶದಲ್ಲೇ ಇವೆ: "ಐದು ವಾರದಿಂದ ಕಾಯ್ತಾ ಕೂತಿದೀನಿ. ರೋಗಿ ಅಂತ ಸುಮ್ನಿದ್ದೆ, ಇಲ್ದಿದ್ರೆ ಬಾಯಿಗೆ ಹತ್ತಿ ತುರುಕ್ತಿದ್ದೆ. ಅವರಿಗೆ ಹೇಳ್ದೋನು ಯಾವನು ಅಂತ ಮೊದ್ಲು ಪತ್ತೆ ಮಾಡಿ." ತಾವು ಪತ್ತೆ ಮಾಡಿದಿರಿ. ನಾನು ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡೆ. ಬಾಯಿಬಿಟ್ಟರೆ ಇಸ್ತ್ರಿಪೆಟ್ಟಿಗೆಯ ಕಥೆಯೂ ಹೊರಬರುತ್ತಿತ್ತು.

7. ತಮ್ಮ ಆದೇಶ ಬಂದು ಇಂದಿಗೆ ಹತ್ತೊಂಬತ್ತು ದಿನ. ಈ ಅವಧಿಯಲ್ಲಿ ಎರಡು ಪುಸ್ತಕ ಓದಿ ಮುಗಿಸಿದೆ, ಯಾರಿಗೂ ಹೇಳಲು ಆಗಲಿಲ್ಲ. ಬುಗ್ಗೆಗೆ ಬರುವವರೆಲ್ಲ ಒದ್ದೆಯಾಗಿರುವುದರಿಂದ ಪುಸ್ತಕ ಮುಟ್ಟುವುದಿಲ್ಲ. ಮಂಗಳವಾರ ತಡೆಯಲಾರದೆ ಒಬ್ಬರಿಗೆ, "ಅವಳು ಅವನನ್ನ ಮದುವೆ ಆಗಬಾರದಿತ್ತು" ಎಂದೆ. ಅವರು, "ಒಣಗಿದ ಟವೆಲ್ ಇದ್ರೆ ಕೊಡಪ್ಪಾ" ಎಂದರು. ಅದೇ ಮಾತನ್ನು ಕಟ್ಟೆಯ ಮೇಲೆ ಬರೆದಿದ್ದರೆ ನಲವತ್ತು ಜನ ಜಗಳಕ್ಕೆ ಬರುತ್ತಿದ್ದರು, ತಾವು ಎಲ್ಲರಿಗೂ ಗದರುತ್ತಿದ್ದಿರಿ. ಮಾನ್ಯರೇ, ನನಗೆ ತಮ್ಮೆಲ್ಲರ ನೆನಪು ಬಹಳ ಆಗುತ್ತಿದೆ. ಇದನ್ನು ಕಚೇರಿ ಭಾಷೆಯಲ್ಲಿ ಹೇಗೆ ಬರೆಯುವುದೋ ತಿಳಿಯದೆ ಹಾಗೆಯೇ ಬರೆದಿದ್ದೇನೆ.

8. ಹೀಗಿರುವಾಗ ಮೊನ್ನೆ ಗುರುವಾರ ದೋನ್ಯಾ ಇಸೋಲಿನಾ ಅವರಿಂದ ನನಗೆ ಫೋನ್ ಬಂತು. ಸದರಿ ಸಂಭಾಷಣೆಯನ್ನು ಯಥಾವತ್ತಾಗಿ ನಮೂದಿಸಿದೆ.

"ಏನೋ ವಿಲ್ಮಾರ್, ಕಟ್ಟೇಲಿ ನಿನ್ನ ಹೆಸರು ಬೂದಿ ಬಣ್ಣಕ್ಕೆ ತಿರುಗಿದೆ. ಸತ್ತುಹೋದ್ಯಾ?"

"ಇಲ್ಲ ದೋನ್ಯಾ, ಅಮಾನತು. ನಿಮಗೆ ಕೊನೆ ಹೇಳಿದ್ದಕ್ಕೆ. ಅಂದ ಹಾಗೆ ಒಂದು ಮಾತು, ಬೈಕೋಬೇಡಿ. ಆ ಕೊನೆ ಪುಸ್ತಕದಲ್ಲಿ ಇರೋದಲ್ಲ. ಮಾಟೆ ಚೆಲ್ಲಿ ಪುಟ ಹಾಳಾಗಿತ್ತು. ನಾನೇ ಕಟ್ಟಿದ್ದು."

"ಗೊತ್ತು. ಔಷಧಿ ಅಂಗಡಿಯವನಲ್ಲ ಕಣೋ. ನಾನು ಆ ಪುಸ್ತಕ ಓದಿ ಐವತ್ತು ವರ್ಷ ಆಯ್ತು, ನಮ್ಮ ಚಿಕ್ಕಮ್ಮನ ಮನೇಲಿ."

"ಮತ್ತೆ ಸರದೀಲಿ ಯಾಕೆ ಹೆಸರು ಕೊಟ್ರಿ?"

"ಕಥೆ ಗೊತ್ತಿತ್ತು. ಅಂಚಲ್ಲಿ ನೀವೆಲ್ಲ ಏನೇನು ಗೀಚಿದೀರಿ ಅಂತ ಗೊತ್ತಿರಲಿಲ್ವಲ್ಲ."

"ಹಾಗಾದ್ರೆ ಆಪರೇಷನ್ ಹಿಂದಿನ ದಿನ ಕೊನೆ ಕೇಳಿದ್ದು?"



"ಹೆದರಿಕೆ ಆಗಿತ್ತು ಕಣೋ. ಹೆದರಿಕೆ ಆಗ್ತಿದೆ ಅಂತ ಬರೆದಿದ್ರೆ ನೂರಾ ನಲವತ್ತು ಜನಾನೂ ಹೂವಿನ ಚಿತ್ರ ಕಳಿಸಿ ಸುಮ್ಮನಾಗ್ತಿದ್ರು. ಕೊಂದೋರು ಯಾರು ಅಂತ ಕೇಳಿದ್ರೆ ಒಬ್ಬರಾದ್ರೂ ಫೋನ್ ಮಾಡೇ ಮಾಡ್ತಾರೆ ಅಂತ ಗೊತ್ತಿತ್ತು."

ವಿಚಾರಣೆಯ ಹಿತದೃಷ್ಟಿಯಿಂದ, "ನಿಜವಾಗಿ ಕೊಂದಿದ್ದು ಯಾರು?" ಎಂದು ಕೇಳಿದೆ.

"ನಿಯಮ ನಾಲ್ಕು!" ಎಂದು ಹೇಳಿ ಅವರು ಫೋನ್ ಇಟ್ಟರು.

9. ಮೇಲಿನ ಸಂಗತಿಗಳಿಂದ ಸ್ಪಷ್ಟವಾಗುವುದೇನೆಂದರೆ, ಕೊನೆಯನ್ನು ಓದದವರಿಗೆ ನಾನು ಕೊನೆ ಹೇಳಿಲ್ಲ. ಓದಿದವರೊಬ್ಬರಿಗೆ ಸುಳ್ಳು ಹೇಳಿದ್ದೇನೆ. ದಾದಿ ಮಿರ್ತಾ ಅವರ ಕಿವಿಗೆ ಬಿದ್ದದ್ದೂ ಆ ಸುಳ್ಳೇ. ಆದ್ದರಿಂದ ನಿಯಮ 4 ನನಗೆ ಅನ್ವಯವಾಗುವುದಿಲ್ಲ. ನಿಯಮ 2 ಅನ್ವಯವಾಗುತ್ತದೆ, ಮತ್ತು ಚೆನ್ನಾಗಿಯೇ ಅನ್ವಯವಾಗುತ್ತದೆ. ಇದರಿಂದ ಉಂಟಾದ ತೊಂದರೆ ಏನೆಂದರೆ, ಸರದಿಯಲ್ಲಿ ಇನ್ನೂ ಹದಿನಾಲ್ಕು ಜನ ಕಾಯುತ್ತಿದ್ದಾರೆ, ಪುಸ್ತಕಕ್ಕೆ ಕೊನೆ ಇಲ್ಲ, ಬೇರೆ ಪ್ರತಿ ಇಲ್ಲ. ನನಗಿಂತ ಮೊದಲು ಓದಿದವರು ನಿಯಮ 4ಕ್ಕೆ ಹೆದರಿ ಬಾಯಿ ಬಿಡರು; ಕೊನೆ ಹೇಳಲು ಒಪ್ಪಿರುವವರು ದೋನ್ಯಾ ಇಸೋಲಿನಾ ಒಬ್ಬರೇ.

ಇದೇ ತಿಂಗಳ 17ರ ಭಾನುವಾರ ಪಾಸೋ ದೆ ಲೋಸ್ ತೋರೋಸ್ ಊರಿನ ಹೊಳೆದಂಡೆಯಲ್ಲಿ ಕಟ್ಟೆಯವರೆಲ್ಲ ಮೊದಲ ಬಾರಿಗೆ ಮುಖಾಮುಖಿ ಸೇರಿ ಕೆಂಡದ ಮೇಲೆ ಮಾಂಸ ಸುಟ್ಟು ಉಣ್ಣುವರೆಂದೂ, ಅಮಾನತಾದವರಿಗೆ ಪ್ರವೇಶವಿಲ್ಲವೆಂದೂ ತಿಳಿದಿದ್ದೇನೆ. ನನ್ನ ನಲವತ್ತು ದಿನ ಮುಗಿಯುವುದು 30ಕ್ಕೆ. ಆರು ವರ್ಷ ಅಕ್ಷರದಲ್ಲಿ ಕಂಡವರ ಮುಖ ನೋಡುವ ಭಾನುವಾರ ಮತ್ತೆ ಯಾವಾಗಲೋ. ಆದಕಾರಣ ತಾವು ದಯವಿಟ್ಟು,

(ಅ) ನನ್ನ ಅಮಾನತನ್ನು ಇಂದಿಗೇ ಮುಗಿಸಬೇಕು;

(ಆ) ನಿಯಮ 2ರ ಉಲ್ಲಂಘನೆಗಾಗಿ 17ರಂದು ಇಡೀ ದಿನ ನಿಂತುಕೊಂಡೇ ಎಲ್ಲರಿಗೂ ಮಾಟೆಗೆ ನೀರು ಹುಯ್ಯುವ, ಒಂದು ಗುಟುಕೂ ಕುಡಿಯದಿರುವ ಶಿಕ್ಷೆ ವಿಧಿಸಬೇಕು;

(ಇ) ಅಂದು ಊಟವಾದ ಮೇಲೆ ಒಂದು ಗಂಟೆ ನಿಯಮ 4ನ್ನೇ ಅಮಾನತಿನಲ್ಲಿಟ್ಟು, ದೋನ್ಯಾ ಇಸೋಲಿನಾ ಅವರು ಎಲ್ಲರೆದುರು ಕೊನೆಯನ್ನು ಹೇಳಲು ಅನುಮತಿ ನೀಡಬೇಕು. ಅವರನ್ನು ಕಾರಿನಲ್ಲಿ ಕರೆತರಲು ದಾದಿ ಮಿರ್ತಾ ಒಪ್ಪಿದ್ದಾರೆ. ದಾರಿಯುದ್ದಕ್ಕೂ ಪುಸ್ತಕದ ಸುದ್ದಿ ಎತ್ತಬಾರದೆಂಬುದು ಅವರ ಒಂದೇ ಷರತ್ತು.

ತಮ್ಮ ವಿಶ್ವಾಸಿ,
(ವಿಶ್ವಾಸ ಇನ್ನೂ ಸ್ವಲ್ಪ ಉಳಿದಿದ್ದಲ್ಲಿ)
ವಿಲ್ಮಾರ್ ತೆಚೇರಾ

ಲಗತ್ತುಗಳು:
1. 'ದೋಣಿಗಟ್ಟೆಯ ಛತ್ರಿ', ಒಂದು ಪ್ರತಿ. ಕೊನೆಯ ಹನ್ನೆರಡು ಪುಟಗಳನ್ನು ಬಿಡಿಸಲು ಪ್ರಯತ್ನಿಸಬೇಡಿ.
2. 31ನೇ ಪುಟದ ನಕಲು, ತಮ್ಮದೇ ಕೈಬರಹ ಸಮೇತ.
3. ದೋನ್ಯಾ ಇಸೋಲಿನಾ ಅವರ ಒಪ್ಪಿಗೆ ಪತ್ರ. ಬೆನ್ನಿಗೆ ಆನಿಕೆ ಇರುವ ಕುರ್ಚಿ ಬೇಕೆಂದಿದ್ದಾರೆ. ನನ್ನ ಕೊನೆಯನ್ನೂ ಹೇಳುತ್ತಾರಂತೆ, ಯಾವುದು ಚೆನ್ನಾಗಿದೆಯೆಂದು ಕೈ ಎತ್ತಿಸುತ್ತಾರಂತೆ.

ಷರಾ: ತಮ್ಮ ಉತ್ತರವನ್ನು ಕಟ್ಟೆಯ ಮೇಲೆ ಪ್ರಕಟಿಸಿದರೆ ಅಮಾನತಿನಲ್ಲಿರುವ ನನಗೆ ಕಾಣಿಸುವುದಿಲ್ಲ. ಆದ್ದರಿಂದ, ಉತ್ತರ 'ಆಗುವುದಿಲ್ಲ' ಎಂದೇ ಇದ್ದರೂ, ಬರೆದು ಕಳಿಸದೆ ಫೋನ್ ಮಾಡಬೇಕಾಗಿ ವಿನಂತಿ.