ಆನಂದಕುಮಾರನ ಮನೆಗೆ ಕೀಲಿ

ಹಾಲು ತರಲು ಹೋದವನು ಮನೆಯನ್ನೇ ಕಳೆದುಕೊಳ್ಳುವುದುಂಟೇ? ಕಲಬುರಗಿಯ ಶರಣಸಿರಸಗಿ ಹೊಸ ಬಡಾವಣೆಯ ನಿವೃತ್ತ ಹವಾಲ್ದಾರ ಗುರುಲಿಂಗಪ್ಪನಿಗೆ ಆ ಯೋಗ ಬಂತು. ಪಲ್ಟನ್ನಿನ ಕಾಲದ ಚಡ್ಡಿ, ಕ್ಯಾನ್ವಾಸ್ ಬೂಟು, ಕೈಯಲ್ಲಿ ಹಾಲಿನ ಪಾಕೀಟು. ಹೀಗೆ ಬಂದು ನೋಡಿದರೆ ಬಾಗಿಲಿಗೆ ತೆಂಗಿನಕಾಯಿಯಷ್ಟು ದೊಡ್ಡ ಬೀಗ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ‘ಈ ಮನೆ ಬ್ಯಾಂಕಿನ ಸ್ವತ್ತು.’

ಹೆಂಡತಿ ರೇವತಿ ಚಿತ್ತಾಪುರದ ತಂಗಿಯ ಮನೆಗೆ ಹೋಗಿದ್ದಳು, ಪುಣ್ಯ.

ಎದುರಿನ ಚಹಾದಂಗಡಿಯ ಶಫಿ ಓಡಿಬಂದ. “ಫೌಜಿ ಕಾಕಾ, ಬ್ಯಾಂಕಿನವ್ರು ಬಂದು ಮಾಜಿ ಸೈನಿಕರ ಮನಿ ಯಾವ್ದು ಅಂದ್ರು. ನಿಮಗ ಏನರ ಇನಾಮ್ ಕೊಡ್ಲಾಕ ಬಂದಾರಂತ ತಿಳಿದು ನಾನೇ ಕರ್ಕೊಂಡು ಬಂದು ತೋರಿಸೀನ್ರಿ. ಚಹಾನೂ ಕುಡಿಸೀನಿ.”

“ನನ್ನ ಸಾಲ ತೀರಿ ಎರಡು ವರ್ಷ ಆಯ್ತಲ್ಲೋ.”

“ಸಾಲ ಇತ್ತಂತ ನಮಗ ಹೇಳ್ಲೇ ಇಲ್ಲ ನೋಡ್ರಿ,” ಎಂದು ಪಕ್ಕದ ಮನೆಯ ಶಾಹಜಾದಿ ಬೇಸರಪಟ್ಟುಕೊಂಡಳು.

ಪ್ಯಾಂಟು ಒಳಗೇ ಉಳಿದಿತ್ತು. ಬಸ್ಸಿನ ಖರ್ಚಿಗೆ ಶಫಿ ಕೊಟ್ಟ ನೋಟನ್ನು ಜೇಬಿಗಿಟ್ಟುಕೊಂಡು ಗುರುಲಿಂಗಪ್ಪ ಚಡ್ಡಿಯಲ್ಲೇ ಸೇಡಂ ರಸ್ತೆಯ ಬ್ಯಾಂಕ್ ಆಫೀಸಿಗೆ ಹೋದ. ಅಲ್ಲಿನವರು ಅವನ ಮೊಣಕಾಲು ನೋಡಿದರು, ಹಾಲಿನ ಪಾಕೀಟು ನೋಡಿದರು, ಸಾಲ ಕೊಟ್ಟ ಶಾಖೆಯಲ್ಲೇ ಕೇಳಿ ಎಂದರು. ಸಾಲ ಕೊಟ್ಟದ್ದು ಕಮಲಾಪುರ ಶಾಖೆ. ಅವನು ಮತ್ತು ಗೆಳೆಯ ಆನಂದಕುಮಾರ ಫೌಜಿನಿಂದ ಬಂದ ಹೊಸದರಲ್ಲಿ ಒಂದೇ ದಿನ ಅಲ್ಲಿ ಸಾಲ ತೆಗೆದಿದ್ದರು. ಹಿಮದಲ್ಲಿ ಕಾಲು ಮುರಿದುಕೊಂಡ ಗುರುಲಿಂಗಪ್ಪನನ್ನು ಹೆಗಲ ಮೇಲೆ ಹೊತ್ತು ತಂದವನು ಆ ಆನಂದಕುಮಾರ. ಹೋದ ವರ್ಷ ಎದೆನೋವಿನಿಂದ ತೀರಿಕೊಂಡ. ಸತ್ತ ಗೆಳೆಯನ ಹೆಸರನ್ನು ಮನೆಗಿಡುವುದು ಅವರ ಪಲ್ಟನ್ನಿನವರ ರೂಢಿ. ಗುರುಲಿಂಗಪ್ಪನೂ ಬಾಗಿಲ ಮೇಲೆ ‘ಮಾಜಿ ಸೈನಿಕ ಆನಂದಕುಮಾರ’ ಎಂದು ಬೋರ್ಡು ಹಾಕಿಸಿದ್ದ.

ಕಮಲಾಪುರ ಶಾಖೆಯ ಮ್ಯಾನೇಜರ್ ಪಂಚಶೀಲಾ ಕಂಪ್ಯೂಟರು ನೋಡಿ ಹಣೆ ಒತ್ತಿಕೊಂಡಳು.

“ನಿಮ್ದು ಏನೂ ಬಾಕಿ ಇಲ್ರಿ. ಕೀಲಿ ಹಾಕಬೇಕಾಗಿದ್ದು ಆನಂದಕುಮಾರ ಅನ್ನೋರ ಮನೀಗಿ. ಹೊಸ ಬಡಾವಣೆ ಅಂತಷ್ಟೇ ಅದ ಕಾಗದದಾಗ. ಅವ್ರದು ಇಲ್ಲಿ ಕಮಲಾಪುರದ ಹೊಸ ಬಡಾವಣೆ, ನಮ್ಮವ್ರು ಕಲಬುರಗಿದು ಅಂತ ತಿಳಿದಾರ. ಅಲ್ಲಿ ನಿಮ್ಮ ಬಾಗಿಲ ಮ್ಯಾಲ ಅವರ ಹೆಸರಿನ ಬೋರ್ಡ್ ಬ್ಯಾರೆ ಅದ ಅಂತ.”

ಗುರುಲಿಂಗಪ್ಪ ಹಾಲಿನ ಪಾಕೀಟು ಮೇಜಿನ ಮೇಲಿಟ್ಟ. “ಅವ ಸತ್ತಾನ್ರಿ. ಹೆಂಡ್ತಿ ಮಲ್ಕಮ್ಮಗ ಪಿಂಚಣಿ ಇನ್ನಾ ಮಂಜೂರಾಗಿಲ್ಲ.”

“ಗೊತ್ತದರಿ. ನಾ ಏನ್ ಮಾಡ್ಲಿ? ತಪ್ಪಾಗ್ಯಾದಂತ ನೀವು ಬರೆದು ಕೊಡ್ರಿ. ನಿಮ್ಮ ಕೀಲಿ ತೆಗೆಸಿ ಖರೇ ಮನೀಗಿ ಹಾಕಸ್ತೀವಿ.”

“ಬರೀಲಿಲ್ಲಂದ್ರ?”

ಪಂಚಶೀಲಾ ಅವನ ಮುಖವನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. “ಕಂಪ್ಯೂಟರ್‌ನ್ಯಾಗ ಆನಂದಕುಮಾರರ ಮನಿ ಜಪ್ತಿ ಆಗ್ಯಾದಂತ ಅದ. ಯಾರೂ ದೂರು ಕೊಡದಿದ್ರ ಮತ್ಯಾರೂ ಅಕಡಿ ಹೋಗಂಗಿಲ್ರಿ.”

ಗುರುಲಿಂಗಪ್ಪ ಅರ್ಜಿ ಬರೆಯದೆ ಎದ್ದ. ಮಲ್ಕಮ್ಮನ ಪಿಂಚಣಿ ಬರುವತನಕ ಹಿತ್ತಲ ಬಾಗಿಲಿನ ಒಳಚಿಲಕ ಮುರಿದು ಅಲ್ಲಿಂದಲೇ ಓಡಾಡಿದರಾಯಿತು, ರೇವತಿಯ ಬೈಗುಳ ಎಷ್ಟು ತಿಂದಿಲ್ಲ.

ಮಲ್ಕಮ್ಮನ ಮನೆಗೆ ಹೋದಾಗ ಅವಳು ಚಡ್ಡಿ ನೋಡಿ ನಕ್ಕಳು. ಹಾಲು ಕೆಟ್ಟಿರಲಿಲ್ಲ. ಅದರಲ್ಲೇ ಚಹಾ ಮಾಡಿದಳು. “ಮುಂದಿನ ತಿಂಗಳ ಪಿಂಚಣಿ ಬರ್ತದಂತ ಅಣ್ಣಾ. ಕಂತು ಕಟ್ಟಿಲ್ಲ, ಆದ್ರೂ ಬ್ಯಾಂಕಿನವ್ರು ಬಂದಿಲ್ಲ. ಭಾಳ ಛಲೋ ಮಂದಿ.”

“ಹೌದವ್ವಾ, ಛಲೋ ಮಂದಿ,” ಎಂದ. ಅವಳು ಕೊಟ್ಟ ಕೆಂಪು ಬಾಳೆಹಣ್ಣು ಹಿಡಿದು ಬಸ್ಸು ಹತ್ತಿದ. ದಾರಿಯಲ್ಲಿ ಬಿಳಿ ಜೀಪೊಂದು ಧೂಳೆಬ್ಬಿಸುತ್ತ ಎದುರಿನಿಂದ ಹಾದುಹೋಯಿತು. ಬಹಳ ದಿನದ ಮೇಲೆ ಅವನ ಮನಸ್ಸು ಹಗುರಾಗಿತ್ತು, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ.

ಬಂದು ನೋಡಿದರೆ ಮನೆಯ ಬಾಗಿಲು ತೆರೆದಿತ್ತು. ಶಫಿ ಏಣಿಯ ಮೇಲೆ ನಿಂತು ಗೋಡೆಯ ಕೆಂಪು ಅಕ್ಷರಕ್ಕೆ ಸುಣ್ಣ ಬಳಿಯುತ್ತಿದ್ದ. ಶಾಹಜಾದಿ ಬಂದವರಿಗೆಲ್ಲ ಸಕ್ಕರೆ ಹಂಚುತ್ತಿದ್ದಳು.

“ನಾ ಮಾಡಿದ ತಪ್ಪು ನಾನೇ ಸರಿ ಮಾಡೀನಿ ಕಾಕಾ,” ಎಂದ ಶಫಿ. “ಇಡೀ ಬಡಾವಣೆ ಸಹಿ ಹಾಕಿಸಿ ಸೇಡಂ ರಸ್ತೆ ಆಫೀಸಿನ್ಯಾಗ ಗದ್ದಲ ಮಾಡಿದೀವಿ. ಹೆದರಿ ಬಂದು ಕೀಲಿ ತೆಗೆದ್ರು.”

“ಕೀಲಿ ಎಲ್ಲದ?”

“ಅವ್ರೇ ಒಯ್ದಾರ. ಕಮಲಾಪುರದಾಗ ಯಾರದೋ ಮನಿ ಅಂತ, ಇವತ್ತೇ ಹಾಕ್ತೀವಂತ ಜೀಪಿನ್ಯಾಗ ಹೋದ್ರು.”

ಗುರುಲಿಂಗಪ್ಪ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟ. ಮನೆ ಸಿಕ್ಕ ಸಂತೋಷಕ್ಕೆ ಅಳುತ್ತಿದ್ದಾನೆಂದು ಶಾಹಜಾದಿಯೂ ಕಣ್ಣೊರೆಸಿಕೊಂಡಳು. ಆಗಲೇ ಫೋನು ಬಂತು. ಮಲ್ಕಮ್ಮ.

“ಅಣ್ಣಾ, ನನ್ನ ಹೊರಗ ನಿಲ್ಲಿಸಿ ಕೀಲಿ ಹಾಕ್ಲಾಕತ್ತಾರ. ಏನೋ ತಪ್ಪಾಗಿರಬೇಕು. ನೀ ಒಂದು ಮಾತು ಹೇಳು.”

“ತಪ್ಪಾಗಿಲ್ಲವ್ವಾ,” ಎಂದ. “ಅರಿವಿ ಕಟ್ಕೊಂಡು ಇಲ್ಲಿಗೇ ಬಾ. ಇದೂ ಅವಂದೇ ಮನಿ. ಬಾಗಿಲ ಮ್ಯಾಲ ಅವನ ಹೆಸರೇ ಅದ.”

ಹೇಳುತ್ತ ತಲೆಯೆತ್ತಿ ನೋಡಿದ. ಬಾಗಿಲ ಮೇಲೆ ಎರಡು ಮೊಳೆ ಮಾತ್ರ ಇದ್ದವು.

“ಎಲ್ಲಾ ಫಜೀತಿ ಆ ಬೋರ್ಡಿನಿಂದಲೇ ಅಲ್ರಿ ಕಾಕಾ,” ಶಫಿ ಏಣಿಯ ಮೇಲಿಂದ ಹೆಮ್ಮೆಯಿಂದ ಹೇಳಿದ, “ಕಿತ್ತು ಹಿತ್ತಲಿಗಿ ಒಗೆದೀನಿ.”

“ಇಳಿಬ್ಯಾಡ, ಅಲ್ಲೇ ಇರು,” ಎಂದು ಗುರುಲಿಂಗಪ್ಪ ಹಿತ್ತಲಿಗೆ ಹೋಗಿ, ಬೋರ್ಡನ್ನು ಬನಿಯನ್ನಿನಿಂದ ಒರೆಸುತ್ತ ತಂದು ಅವನ ಕೈಗೆ ಕೊಟ್ಟ. “ಇದ್ದಲ್ಲೇ ಹಚ್ಚು. ಮಲ್ಕಮ್ಮ ಬರ್ಲಾಕತ್ತಾಳ, ಆಕಿಗಿ ಮನಿ ಗುರ್ತು ಸಿಗಬೇಕು.”