ಗುಣಿಸಿದರೆ ಎಂಟು, ಕೂಡಿದರೆ ಐದು

ಲೆಕ್ಕದ ಮೇಷ್ಟ್ರು ಎಷ್ಟೇ ಬಿಗಿಮುಖ ಮಾಡಿಕೊಂಡು ನಿಂತರೂ ನಗಿಸುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಆಗ ಮದ್ರಾಸ್ ಸರ್ಕಾರದ ಕಾಲ. ಮಡಕಶಿರಾ ಕಡೆಯವನಾದ ನಾನು ರಾಯದುರ್ಗದ ಹೈಸ್ಕೂಲಿಗೆ ಹಂಗಾಮಿಯಾಗಿ ಸೇರಿದ್ದೆ. ಇನ್ಸ್‌ಪೆಕ್ಟರು ಬಂದು ನೋಡಿ ಒಳ್ಳೆಯದು ಬರೆದರೆ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

೧. ಮೊದಲ ಪಾಠ

ಶುರು ಮಾಡಿದ್ದೇ ವರ್ಗಸಮೀಕರಣದಿಂದ. "ಗುಣಿಸಿದ್ರೆ ಹನ್ನೆರಡು, ಕೂಡಿದ್ರೆ ಏಳು ಬರೋ ಎರಡು ಸಂಖ್ಯೆ ಹೇಳ್ರಪ್ಪಾ" ಎಂದೆ. ಕೊನೇ ಬೆಂಚಿನಿಂದ, ಆಗಲೇ ಮೀಸೆ ಬಂದಿದ್ದವನೊಬ್ಬ, "ಮೂರು, ನಾಲ್ಕರಿ" ಎಂದ. ನನಗೆ ಹಿಡಿಸಲಾರದಷ್ಟು ಸಂತೋಷ.

"ಅಷ್ಟು ಬೇಗ ಹೆಂಗೆ ತೆಗೆದೆ?"

"ಮೂರು ವರ್ಷದಿಂದ ಇದೇ ಲೆಕ್ಕರಿ ಸಾರ್. ಮೇಷ್ಟ್ರಷ್ಟೇ ಬದಲಾಗ್ತಾರ."

೨. ಬೇಡವಾದ ಉತ್ತರ

ಕುರಿದೊಡ್ಡಿಯ ಉದ್ದ ಅಗಲಕ್ಕಿಂತ ಏಳು ಗಜ ಹೆಚ್ಚು, ಒಳಗಿನ ಜಾಗ ಅರವತ್ತು ಚದರ ಗಜ, ಅಗಲವೆಷ್ಟು? ಉತ್ತರ ಎರಡು ಬಂದವು: ಐದು, ಮೈನಸ್ ಹನ್ನೆರಡು. ಎರಡನೆಯದನ್ನು ಹೊಡೆದುಹಾಕಿಸಿದೆ.

ಮರುದಿನ ಗುಮ್ಮಘಟ್ಟದಿಂದ ಒಬ್ಬ ಹುಡುಗನ ಅಪ್ಪ ಕಂಬಳಿ ಹೊದ್ದು ಬಂದ. "ನಮ್ಮ ಹುಡುಗ ಎರಡು ಉತ್ತರ ತಂದ್ರ ಒಂದು ಯಾಕ ಹೊಡದ್ರಿ?"

"ದೊಡ್ಡಿ ಅಗಲ ಸೊನ್ನೆಗಿಂತ ಕಮ್ಮಿ ಇರಕ್ಕಾಗುತ್ತಾ ಯಜಮಾನ್ರೇ? ಅದು ಬ್ಯಾಡ."

ಆತ ದೊಡ್ಡಿ ಕಟ್ಟಿ ಬಲ್ಲವನು, ಒಪ್ಪಿದ. ಆದರೂ ಬಂದದ್ದನ್ನು ಬಿಸಾಡಲು ಮನಸ್ಸು ಬರಲಿಲ್ಲ. "ನಮಗ ಬ್ಯಾಡಾದ್ರ ಬಿಡ್ರಿ. ಒಂದೂ ಉತ್ತರ ಬರದ ಹುಡುಗ್ರು ಇರ್ತಾರಲ್ಲ, ಅವರಿಗರ ಕೊಡ್ರಿ."

೩. ಇನ್ಸ್‌ಪೆಕ್ಟರು

ಕಡೆಗೂ ಅವರು ಬಂದರು. ಜೇಬಿನ ಪುಸ್ತಕ ನೋಡಿಕೊಂಡು ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದರು. ಗುಣಿಸಿದರೆ ಎಂಟು, ಕೂಡಿದರೆ ಐದು ಬರಬೇಕು. ಒಂದು-ಎಂಟು ಕೂಡಿದರೆ ಒಂಬತ್ತು. ಎರಡು-ನಾಲ್ಕು ಕೂಡಿದರೆ ಆರು. ಐದು ಎಲ್ಲಿಂದ ಬರಬೇಕು? ಎರಡು-ಮೂರು ಕೂಡಿದರೆ ಐದು, ಗುಣಿಸಿದರೆ ಆರು; ಆ ಆರು ಬರೆಯುವಲ್ಲಿ ಎಂಟು ಬರೆದಿದ್ದಾರೆಂದು ನನಗೆ ಹೊಳೆಯಿತು. ಆದರೆ ಹೇಳುವ ಧೈರ್ಯ ಯಾರಿಗಿದೆ?

ಯಾರೂ ಕೈ ಎತ್ತಲಿಲ್ಲ. "ಇಷ್ಟೂ ಬರೋದಿಲ್ವೇನ್ರಿ ನಿಮ್ಮ ಹುಡುಗರಿಗೆ?" ಎಂದು ನನ್ನನ್ನು ದುರುಗುಟ್ಟಿ ನೋಡಿ, ತಾವೇ ಸೀಮೆಸುಣ್ಣ ಹಿಡಿದರು. ಬರೆದರು, ಅಳಿಸಿದರು, ಮತ್ತೆ ಬರೆದರು. ಕೋಟಿನ ತೋಳೆಲ್ಲ ಬಿಳಿಯಾಯಿತು.

ಮುಂದಿನ ಬೆಂಚಿನವನೊಬ್ಬನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಮೆಲ್ಲಗೆ ಹೇಳಿದ: "ಬೇಜಾರು ಮಾಡ್ಕೋಬ್ಯಾಡ್ರಿ ಸಾರ್. ನಮಗೂ ಮೊದಮೊದಲು ಹಿಂಗ ಆಗ್ತಿತ್ರಿ."

ನನ್ನ ಕೆಲಸ ಹೋಯಿತೆಂದೇ ತಿಳಿದೆ. ಇನ್ಸ್‌ಪೆಕ್ಟರು ಜೇಬಿನ ಪುಸ್ತಕವನ್ನು ಇನ್ನೊಮ್ಮೆ ನೋಡಿದರು. ಎಂಟನ್ನು ಒರೆಸಿ ಆರು ಬರೆದರು. ಆಮೇಲೆ ಕುಳಿತು ತಮ್ಮ ವರದಿಯಲ್ಲಿ ಹೀಗೆ ಬರೆದರು: "ಈ ತರಗತಿಯವರು ದಡ್ಡರನ್ನೂ ದಯೆಯಿಂದ ಕಾಣುತ್ತಾರೆ. ಉಪಾಧ್ಯಾಯರನ್ನು ಖಾಯಂ ಮಾಡಬಹುದು."