ಜಾವಾದ ಸೈಲೆನ್ಸರಿಗೆ ಹಿಡಿದ ಕಪ್ಪು

ಲೋಹದ ಮೇಲೆ ಕಪ್ಪು ಬಣ್ಣವನ್ನು ಶಾಶ್ವತವಾಗಿ ನಿಲ್ಲಿಸಬಲ್ಲ ಗಂಡು ಈ ಭೂಮಂಡಲದಲ್ಲಿ ಒಬ್ಬನಿದ್ದರೆ ಅದು ನಾನೇ! ಸಾವಿರದ ಒಂಬೈನೂರ ಅರವತ್ತೈದರ ಸೆಪ್ಟೆಂಬರಿನಲ್ಲಿ ನನಗೆ ಹಾಗೆ ಖಾತ್ರಿಯಾಗಿತ್ತು.

ಆಗ ಯುದ್ಧ ನಡೆಯುತ್ತಿತ್ತು. ಸಂಜೆ ಸೈರನ್ ಕೂಗಿದರೆ ಅಹಮದಾಬಾದಿನಲ್ಲಿ ಒಂದು ದೀಪವೂ ಉರಿಯುವಂತಿರಲಿಲ್ಲ. ಕಿಟಕಿಗಳಿಗೆ ಕಪ್ಪು ಕಾಗದ, ಗಾಡಿಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ. ನವರಂಗಪುರದ ನಮ್ಮ ಸೊಸೈಟಿಯಲ್ಲಿ ಮೂವತ್ತು ಮನೆ. ಅಧ್ಯಕ್ಷರಾದ ಜಸುಭಾಯಿ ನಿವೃತ್ತ ಹೆಡ್‌ಮಾಸ್ತರು. ವಿಮಾ ಕಚೇರಿಯ ಬಡ ಗುಮಾಸ್ತನಾದ ನನ್ನನ್ನು ಅವರು ಬೀದಿಯ ದೀಪಗಳನ್ನೆಲ್ಲಾ ಆರಿಸಿಸುವ ವಾರ್ಡನ್ ಎಂದು ನೇಮಿಸಿ, ಕೊರಳಿಗೊಂದು ಸೀಟಿ ಕಟ್ಟಿದರು. ಅಂದಿನಿಂದ ನನ್ನ ನಡಿಗೆಯೇ ಬದಲಾಯಿತು!

ಸೀಟಿ ಬಂದ ಮಾರನೆಯ ದಿನ ನನ್ನ ಕಣ್ಣು ನಮ್ಮ ಜಾವಾ ಮೋಟಾರ್‌ಸೈಕಲ್ಲಿನ ಮೇಲೆ ಬಿತ್ತು. ಮೈಸೂರಿನಲ್ಲೇ ತಯಾರಾದ ಗಾಡಿ. ನನಗೆ ಇಲ್ಲಿಗೆ ವರ್ಗವಾದಾಗ ಮಾವನವರು ರೈಲಿನಲ್ಲಿ ಕಳಿಸಿಕೊಟ್ಟ ಉಡುಗೊರೆ. ಎರಡು ಸೈಲೆನ್ಸರ್, ಹ್ಯಾಂಡಲ್, ಚಕ್ರದ ರಿಮ್ಮು, ಎಲ್ಲಾ ಕನ್ನಡಿಯಂತೆ ಫಳಫಳ!

"ರುಕ್ಮಿಣೀ, ಬೆಳದಿಂಗಳಲ್ಲಿ ಇದು ಶತ್ರುವಿನ ವಿಮಾನಕ್ಕೆ ಕಾಣುತ್ತೆ. ಇದನ್ನೆಲ್ಲಾ ಕಪ್ಪು ಮಾಡ್ಬೇಕು," ಎಂದೆ.

"ಅವನು ಅಷ್ಟು ದೂರದಿಂದ ಹಾರಿ ಬಂದು ನಿಮ್ಮ ಹ್ಯಾಂಡಲ್ ನೋಡ್ತಾನೇನ್ರೀ?"

"ವಾರ್ಡನ್ನನ ಗಾಡಿಯೇ ಹೊಳೀತಿದ್ರೆ ಜನ ನನ್ನ ಮಾತು ಕೇಳ್ತಾರಾ?"

"ಅಪ್ಪ ಕೊಟ್ಟ ಗಾಡಿ. ಹಾಳು ಮಾಡಿದ್ರೆ ನೋಡಿ," ಎಂದು ಅವಳು ಒಳಗೆ ಹೋದಳು.

ಮೊದಲು ದೀಪದ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ಬಳಿದೆ. ಕಚೇರಿ ತಲುಪುವ ಹೊತ್ತಿಗೆ ಗಾಡಿ ಬೆಳ್ಳಗಾಗಿ, ನನ್ನ ಬಿಳಿ ಪ್ಯಾಂಟು ಕಪ್ಪಾಗಿತ್ತು. ಆಮೇಲೆ ಕಿಟಕಿ ಸರಳಿಗೆ ಬಳಿಯುವ ಪೇಂಟ್ ತಂದೆ. ಅದು ಸೈಲೆನ್ಸರಿನ ಕಾವಿಗೆ ಹಪ್ಪಳದಂತೆ ಉಬ್ಬಿ, ಪದರ ಪದರವಾಗಿ ದಾರಿಯುದ್ದಕ್ಕೂ ಉದುರಿತು. ಪೇಂಟ್ ಅಂಗಡಿಯವನು ನಕ್ಕ.

"ಸಾಹೇಬ್, ಇಷ್ಟು ನುಣುಪಿನ ಮೇಲೆ ಯಾವ ಬಣ್ಣವೂ ನಿಲ್ಲಲ್ಲ. ಮೊದಲು ಉಜ್ಜಿ ತರಿತರಿ ಮಾಡಿ. ಈ ಡಬ್ಬಿಯ ಬಣ್ಣ ಬಳಿದು ನಾಲ್ಕು ಗಂಟೆ ಬೆಂಕಿಯ ಕಾವಿನಲ್ಲಿ ಬೇಯಿಸಿ. ಆಮೇಲೆ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ!"

ಭಾನುವಾರ ಸೈಲೆನ್ಸರುಗಳನ್ನು ಬಿಚ್ಚಿ ಎಮರಿ ಕಾಗದದಿಂದ ಉಜ್ಜಿದೆ. ಮಾವನವರ ಹೊಳಪೆಲ್ಲಾ ಪುಡಿಯಾಗಿ ನೆಲಕ್ಕೆ ಬಿತ್ತು. ಇನ್ನು ಹಿಂದಿರುಗುವ ದಾರಿಯಿಲ್ಲ! ಹಂಡೆಯ ನೀರೆಲ್ಲಾ ಸುರಿದು ತೊಳೆದು, ಒರೆಸಿ, ಬಣ್ಣ ಬಳಿದೆ. ಅಂಗಳದಲ್ಲಿ ದೊಡ್ಡ ಇದ್ದಿಲೊಲೆ ಹೂಡಿ, ಮೇಲೆ ಕಂಬಿಗಳನ್ನಿಟ್ಟು ಸೈಲೆನ್ಸರುಗಳನ್ನು ಮಲಗಿಸಿ, ತೂತು ಬಿದ್ದ ತಗಡಿನ ಡ್ರಮ್ಮೊಂದನ್ನು ಕವಿಚಿ ಹಾಕಿದೆ. ಮೂರು ಗಂಟೆಗೆ ಶುರು ಮಾಡಿದರೆ ಏಳಕ್ಕೆ ಮುಗಿಯಬೇಕು. ಆದರೆ ಇದ್ದಿಲು ಹೊತ್ತಿಕೊಳ್ಳುವುದರಲ್ಲೇ ನಾಲ್ಕು ದಾಟಿತ್ತು.

ಏಳೂವರೆಗೆ ಸೈರನ್ ಕೂಗಿತು!

ಕೂಗಿದ್ದೇ ತಡ, ನಾನು ಸೀಟಿ ಊದುತ್ತಾ ಬೀದಿಗೆ ಓಡಿದೆ. ಒಂದೊಂದಾಗಿ ಮೂವತ್ತು ಮನೆಗಳೂ ಕತ್ತಲಲ್ಲಿ ಮುಳುಗಿದವು. ಬೀದಿಯ ಕೊನೆಯವರೆಗೂ ಹೋಗಿ ತಿರುಗಿ ನೋಡಿದರೆ, ಎಲ್ಲೋ ಒಂದು ಅಂಗಳದಲ್ಲಿ ಮಾತ್ರ ಕೆಂಪು ಬೆಳಕು.

"ಕೋನಿ ಬತ್ತಿ ಛೇ?" ಕತ್ತಲೊಳಗಿಂದ ಜಸುಭಾಯಿ ಗುಡುಗಿದರು.

"ಯಾರದು ದೀಪ? ಬಂಧ್ ಕರೋ!" ಅವರಿಗಿಂತ ಜೋರಾಗಿ ನಾನೂ ಗುಡುಗಿದೆ. "ದೇಶದ್ರೋಹಿಗಳು!"

ಗುಡುಗಿದ ಮೇಲೆ ಮನೆಗಳನ್ನು ಎಣಿಸಿದೆ. ಅದು ನನ್ನ ಅಂಗಳ!

ಬಿದ್ದು ಎದ್ದು ಓಡಿ ಬಂದೆ. ಡ್ರಮ್ಮಿನ ಒಂದೊಂದು ತೂತೂ ಉರಿಗಣ್ಣಾಗಿ ಆಕಾಶ ನೋಡುತ್ತಿತ್ತು. ಬಾಗಿಲಲ್ಲಿ ರುಕ್ಮಿಣಿ ನಿಂತಿದ್ದಳು.

"ನೀರು ಸುರೀರಿ!"

"ಬೇಡ, ಬಣ್ಣ ಕೆಡುತ್ತೆ! ಇನ್ನು ಅರ್ಧ ಗಂಟೆ ಸಾಕು!"

"ಮೇಲಿರೋನು ಅರ್ಧ ಗಂಟೆ ಕಾಯ್ತಾನೇನ್ರೀ?"

ಮೂಲೆಯಲ್ಲಿದ್ದ ಗೋಣಿಚೀಲವೊಂದನ್ನು ಎಳೆದು ಡ್ರಮ್ಮಿನ ಮೇಲೆ ಹೊದಿಸಿದೆ. ಎರಡು ನಿಮಿಷ ಕತ್ತಲು. ಆಹಾ, ನನ್ನ ಬುದ್ಧಿಯೇ! ಎನ್ನುವಷ್ಟರಲ್ಲಿ ಗೋಣಿ ಭಗ್ಗನೆ ಹೊತ್ತಿಕೊಂಡಿತು. ಕೋಲಿನಿಂದ ತಳ್ಳಲು ಹೋದರೆ ಗೋಣಿಯ ಜೊತೆ ಡ್ರಮ್ಮೂ ಉರುಳಿತು. ಈಗ ಇಡೀ ಒಲೆಯೇ ಬಾಯಿ ತೆರೆದು ಧಗಧಗ! ಮನೆಯ ಗೋಡೆಯೆಲ್ಲಾ ಕೆಂಪಾಯಿತು.

ಆಗ ದೂರದ ಆಕಾಶದಲ್ಲಿ ಗುಂಯ್ ಎಂದು ಸದ್ದು ಕೇಳಿಸಿತು. ಗೋಡೆಯಾಚೆ ಪಕ್ಕದ ಮನೆಯ ಕೂಸು ಅಳತೊಡಗಿತು. ಅದರ ತಾಯಿ "ಶ್, ಶ್" ಎನ್ನುವುದೂ ಕೇಳುತ್ತಿತ್ತು. ಇಷ್ಟು ದಿನ ಸೀಟಿ ಊದಿದ್ದೆನೇ ಹೊರತು ಹೆದರಿರಲಿಲ್ಲ. ಈಗ ಹೆದರಿದೆ. ನನ್ನ ಈ ಬೆಂಕಿ ನೋಡಿ ಆ ಕೂಸಿನ ಮೇಲೆ ಏನಾದರೂ ಬಿದ್ದರೆ? ಬಣ್ಣ ಹಾಳಾಗಿ ಹೋಗಲಿ ಎಂದು ಬಚ್ಚಲಿಗೆ ನುಗ್ಗಿ ಹಂಡೆಗೆ ಬಕೆಟ್ಟು ಹಾಕಿದರೆ ಠಣ್ ಎಂದಿತು. ತೊಟ್ಟು ನೀರಿಲ್ಲ! ಮಧ್ಯಾಹ್ನ ಸೈಲೆನ್ಸರಿಗೆ ಅಭ್ಯಂಜನ ಮಾಡಿಸಿದವನು ನಾನೇ ಅಲ್ಲವೇ? ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಮಾತ್ರ.

"ರುಕ್ಕೂ, ನೀರಿಲ್ಲ ಕಣೇ!" ಎಂದು ಅಳುದನಿಯಲ್ಲಿ ಕೂಗಿದೆ.

ಅಡಿಗೆಮನೆಯಿಂದ ರುಕ್ಮಿಣಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ತೋಳಲ್ಲಿ ದೊಡ್ಡ ಕೊಳದಪ್ಪಲೆ. ಮಾರನೆಯ ಬೆಳಿಗ್ಗೆ ಸೊಸೈಟಿಯ ಸ್ವಯಂಸೇವಕರಿಗೆಲ್ಲಾ ದೋಸೆ ಹಾಕಿಕೊಡುತ್ತೇನೆಂದು ಒಪ್ಪಿಕೊಂಡು, ಮಧ್ಯಾಹ್ನವೆಲ್ಲಾ ಕೂತು ಒರಳಿನಲ್ಲಿ ತಾನೇ ರುಬ್ಬಿದ ಹಿಟ್ಟು. ಒಂದು ಕ್ಷಣ ಹಿಟ್ಟನ್ನು ನೋಡಿದಳು. ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಅಷ್ಟನ್ನೂ ಒಲೆಯ ಮೇಲೆ ಕವುಚಿದಳು.

ಚೊಂಯ್!

ಬೆಂಕಿ ಆರಿತು. ಕತ್ತಲಾಯಿತು. ನವರಂಗಪುರವೆಲ್ಲಾ ಸೀದ ದೋಸೆಯ ವಾಸನೆ ಹರಡಿತು.

ನಾವಿಬ್ಬರೂ ಉಸಿರು ಬಿಗಿಹಿಡಿದು ಗೋಡೆಗೊರಗಿ ನಿಂತೆವು. ಮೇಲಿನ ಸದ್ದು ಹತ್ತಿರವಾಯಿತು, ತಲೆಯ ಮೇಲೆ ಬಂತು, ನಿಧಾನವಾಗಿ ದೂರ ಸರಿಯಿತು. ಅದು ನಮ್ಮದೇ ವಿಮಾನವೆಂದು ಆಮೇಲೆ ತಿಳಿಯಿತು. ಅಪಾಯ ಕಳೆಯಿತೆಂದು ಸೈರನ್ ಕೂಗುವವರೆಗೂ ಅವಳು ನನ್ನ ತೋಳು ಹಿಡಿದಿದ್ದಳು. ಕೂಗಿದೊಡನೆ ಬಿಟ್ಟುಬಿಟ್ಟಳು.

ಮೊದಲು ಬಂದವರು ಜಸುಭಾಯಿ. ಟಾರ್ಚಿಗೆ ಕೈ ಅಡ್ಡ ಹಿಡಿದು ಒಲೆಯೊಳಗೆ ಇಣುಕಿದರು.

"ವಾಸುದೇವಭಾಯಿ, ಆ ಶುಂ ಛೇ? ಏನಿದು?"

ನಾನು ಬಾಯಿ ತೆರೆಯುವ ಮೊದಲೇ ರುಕ್ಮಿಣಿ ತನ್ನ ಹರುಕು ಹಿಂದಿಯಲ್ಲಿ ಹೇಳಿದಳು: "ನಾಳೆ ನಿಮಗೆ ಸಿಗಬೇಕಾಗಿದ್ದ ನಾಷ್ಟಾ."

ಜಸುಭಾಯಿ ನನ್ನ ಕೊರಳಿನಿಂದ ಸೀಟಿ ಬಿಚ್ಚಿಕೊಂಡು ಹೊರಟುಹೋದರು. ಗಾಡಿಗೆ ಕಪ್ಪು ಬಳಿಯಲು ಹೋಗಿ ಪದವಿಯನ್ನೇ ಕಪ್ಪ ಕೊಟ್ಟ ಚಕ್ರವರ್ತಿ ನಾನು! ಬೆಳಿಗ್ಗೆ ಸುದ್ದಿ ತಿಳಿಯದ ಹದಿನೈದು ಜನ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಅವರಿಗೆ ಅವಲಕ್ಕಿ ಕಲಸಿ ಬಡಿಸಿದವನೂ ನಾನೇ.

ಆಮೇಲೆ ಸೈಲೆನ್ಸರುಗಳನ್ನು ಎತ್ತಿ ನೋಡಿದೆ. ಅರೆಬೆಂದ ಬಣ್ಣ, ಬೂದಿ, ಹಿಟ್ಟು ಎಲ್ಲಾ ಸೇರಿ, ಒಳಗಿನ ಕೆಂಡದ ಕಾವಿನಲ್ಲಿ ರಾತ್ರಿಯಿಡೀ ಸುಟ್ಟು, ಕಲ್ಲಿನಂತೆ ಕಚ್ಚಿಕೊಂಡಿತ್ತು. ಚಾಕು ಹಾಕಿದೆ, ಮೊನೆ ಮುರಿಯಿತು. ಸೀಮೆಎಣ್ಣೆ ಸುರಿದೆ, ಇನ್ನಷ್ಟು ಮಿರುಗಿತು. ಸೋತು, ಹಾಗೆಯೇ ಗಾಡಿಗೆ ಜೋಡಿಸಿದೆ.

ಮುಂದಿನ ವರ್ಷ ಮಳೆಗಾಲ ಕಳೆದ ಮೇಲೆ ನಾವಿಬ್ಬರೂ ಅದೇ ಗಾಡಿಯಲ್ಲಿ ವಡೋದರಕ್ಕೆ ಹೋದೆವು. ಅಲ್ಕಾಪುರಿಯಲ್ಲಿ ರೈಲ್ವೆ ಇಂಜಿನಿಯರ್ ಸೀತಾರಾಮರಾಯರ ಮನೆ. ನಮ್ಮೂರ ಕಡೆಯವರು, ಅವರದೂ ಜಾವಾ. ನನ್ನ ಸೈಲೆನ್ಸರಿನ ಮೇಲೆ ಉಗುರಿನಿಂದ ಗೀಚಿ ನೋಡಿ ಅವರು ಬೆರಗಾದರು.

"ಒಂದು ಚೂರೂ ಎದ್ದಿಲ್ವಲ್ಲ ವಾಸುದೇವಯ್ಯ! ನಾನು ಮೂರು ಸಲ ಬಳಿಸಿದೆ, ಮೂರು ಸಲವೂ ಸುಲಿದು ಹೋಯ್ತು. ಏನಿದು, ಫಾರಿನ್ನಾ?"

ನಾನು ಗಂಟಲು ಸರಿಮಾಡಿಕೊಂಡೆ. ಎದೆ ತಾನಾಗಿಯೇ ಉಬ್ಬಿತು. "ಅದೊಂದು ವಿಶೇಷ ವಿಧಾನ ರಾಯರೇ. ಲೋಹಶಾಸ್ತ್ರದಲ್ಲಿ..."

"ಮೂರು ಸೇರು ಅಕ್ಕಿ, ಒಂದು ಸೇರು ಉದ್ದು, ಒಂದು ಹಿಡಿ ಮೆಂತ್ಯ," ಎಂದಳು ರುಕ್ಮಿಣಿ. "ರುಬ್ಬೋದೇನೂ ಕಷ್ಟ ಇಲ್ಲ ರಾಯರೇ. ಹೊತ್ತಿಸೋಕೆ ಮಾತ್ರ ಇವರನ್ನೇ ಕರೆಸಬೇಕು."